ಅಳಿಯನಿಗೆ ಪಥ್ಯ

ಮಣ್ಣು ಮಾಡಿದ ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ನಳದಲ್ಲಿ ನೀರು ಬಂತು. ಸಿಂಧನೂರಿನ ನಮ್ಮ ಓಣಿಗೆ ಐದು ದಿನಕ್ಕೊಮ್ಮೆ ನೀರು. ಹಿಂದಿನ ಸಲ ನಳ ತಿರುಗಿಸಿದ್ದು ನನ್ನ ಗಂಡ ಸಿದ್ದರಾಮೇಶ. ಈ ಸಲ ನಾನು ತಿರುಗಿಸಿದೆ. ಹಾಲಿನವನು ಬಂದ, ಹೋದ. ಎದುರು ಮನೆಯಲ್ಲಿ ಯಾರೋ ಫೋನಿನ ಚಾರ್ಜರ್ ಹುಡುಕುತ್ತ ಬೈದಾಡಿದರು. ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಮನೆಯಲ್ಲಿ ಉಳಿದವರು ನಾಲ್ಕು ಜನ: ನಾನು, ನನ್ನ ಅತ್ತೆ ಯಮನೂರಮ್ಮ, ಅತ್ತೆಯ ತಮ್ಮ ಗ್ಯಾನಪ್ಪ, ಹಿತ್ತಲಲ್ಲಿ ಬುಟ್ಟಿಯ ಕೆಳಗೆ ಒಂದು ಮೊಲದ ಮರಿ. ಮೊಲವನ್ನು ಜನರೊಳಗೆ ಸೇರಿಸಿದ್ದು ಬರೆಯುವಾಗ ಆದ ತಪ್ಪಲ್ಲ.

ಮೊಲದ ಚರಿತ್ರೆ ಚಿಕ್ಕದು. ಸಿದ್ದರಾಮೇಶನಿಗೆ ಬಸ್‌ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವ ಅಂಗಡಿ ಇತ್ತು. ತೀರಿಕೊಳ್ಳುವ ಆರು ದಿನ ಮೊದಲು ತಾಮ್ರದ ತಂತಿ ತರಲು ಮಸ್ಕಿಗೆ ಹೋದವನು ಮೊಲದ ಮರಿ ತಂದ. ತಂತಿ ಎಲ್ಲಿ ಎಂದರೆ, ಅಂಗಡಿ ಮುಚ್ಚಿತ್ತು ಎಂದ. ಮೊಲ ಯಾಕೆ ಎಂದರೆ, ಅದು ನನ್ನ ಕಡೆ ನೋಡಿತು ಎಂದ. ಇಡಲು ಪಂಜರ ಇರಲಿಲ್ಲ. ಪಕ್ಕದ ಮನೆಯ ಜಮೀಲಾಬೀ ಹತ್ತಿರ ಹೋಗಿ ಅವರು ಕೋಳಿ ಮುಚ್ಚುವ ಬಿದಿರಿನ ಬುಟ್ಟಿಯನ್ನು ಕೇಳಿ ತಂದ. "ಎರಡೇ ದಿನ ಚಾಚಿ, ಪಂಜರ ಮಾಡಿಸ್ತೀನಿ" ಎಂದು ಹೇಳಿದ್ದು ಗೋಡೆಯ ಈಚೆ ನನಗೂ ಕೇಳಿಸಿತ್ತು.

ಅವನಿಗೆ ಮೂವತ್ತಾರು ವರ್ಷ. ಹೃದಯದ ಡಾಕ್ಟರು ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಒಂದು ಚೀಟಿ ಬರೆದುಕೊಟ್ಟಿದ್ದರು. ಅಡುಗೆಮನೆಯ ಮೊಳೆಗೆ ಅದನ್ನು ಸಿಕ್ಕಿಸಿ ಅವನು ದೇವರ ಫೋಟೊದಷ್ಟೇ ಗೌರವದಿಂದ ನೋಡುತ್ತಿದ್ದ. ಓದುತ್ತಿರಲಿಲ್ಲ. ನಾನು ಕಾಲೇಜಿಗೆ ಪಾಠ ಮಾಡಲು ಹೋದ ಮೇಲೆ ಅತ್ತೆ ಸೆರಗಿನಲ್ಲಿ ಮುಚ್ಚಿಕೊಂಡು ಮಿರ್ಚಿ ಭಜಿ ತಂದು ಕೊಡುತ್ತಿದ್ದರು. ನನಗೆ ಗೊತ್ತಿತ್ತು. ನನಗೆ ಗೊತ್ತಿರುವುದು ಅವರಿಗೂ ಗೊತ್ತಿತ್ತು.

ಇನ್ನು ಗ್ಯಾನಪ್ಪ. ತುರ್ವಿಹಾಳದವರು, ಮೂವತ್ತು ವರ್ಷ ಕಾಲುವೆಯ ಗೇಟು ತೆಗೆದು ಮುಚ್ಚಿ ನಿವೃತ್ತರಾದವರು. ಜಗತ್ತಿನಲ್ಲಿ ಏನು ನಡೆದರೂ ಎಲ್ಲೋ ಒಂದು ಗೇಟು ಎತ್ತಿದ್ದರಿಂದ, ಇಲ್ಲವೇ ಇಳಿಸಿದ್ದರಿಂದ ನಡೆಯುತ್ತದೆ ಎಂಬುದು ಅವರ ಸಿದ್ಧಾಂತ. ಮೂರನೇ ದಿನ ಹಾಲು-ತುಪ್ಪಕ್ಕೆ ಹೋದಾಗ ಮಣ್ಣಿನ ಮೇಲೆ ಎಡೆ ಇಟ್ಟು ನಾವೆಲ್ಲ ದೂರ ನಿಂತಿದ್ದೆವು. ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಹೋದವನು ಉಂಡ ಹಾಗೆ. ಒಂದು ಗಂಟೆ ನಿಂತರೂ ಕಾಗೆ ಬರಲಿಲ್ಲ. ಗ್ಯಾನಪ್ಪ ತಾವೇ ಕಾಗೆಯ ಹಾಗೆ ಕೂಗಿ ಕರೆದರು. ಎರಡು ನಾಯಿ ಬಂದವು.

"ಕಾಲುವಿಗೆ ನೀರು ಬಿಟ್ಟಾರ," ಎಂದರು ಗ್ಯಾನಪ್ಪ. "ಕಾಗಿ ಎಲ್ಲಾ ಗದ್ದಿಗೆ ಹೋಗ್ಯಾವ."

ಅತ್ತೆ ಮನೆಗೆ ಬಂದ ಮೇಲೂ ನೀರು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಮಗ ಉಣ್ಣದೆ ಹೋದ, ತಾನು ಹೇಗೆ ಉಣ್ಣಲಿ ಎನ್ನುವುದು ಅವರ ಲೆಕ್ಕ.

ಆದ್ದರಿಂದ ನಾಲ್ಕನೇ ಬೆಳಿಗ್ಗೆ ಅವರು ಮತ್ತೊಂದು ಎಡೆ ಮಾಡಿದರು. ಮಂಡಕ್ಕಿಯ ಒಗ್ಗರಣೆ, ಎರಡು ಮಿರ್ಚಿ, ಬಸಿಯಲ್ಲಿ ಚಹಾ. ಹಿತ್ತಲ ಕಟ್ಟೆಯ ಮೇಲೆ ಇಟ್ಟು ಒಳಗೆ ಬಂದು ಬಾಗಿಲು ಹಾಕಿಕೊಂಡರು. ನಾನು ಕೊಡ ತುಂಬಿಸುತ್ತಿದ್ದೆ. ಹತ್ತು ನಿಮಿಷದ ಮೇಲೆ ಹಿತ್ತಲಿನಿಂದ ಗ್ಯಾನಪ್ಪನ ದನಿ ಕೇಳಿಸಿತು.

"ಅಕ್ಕಾ, ಇಲ್ಲಿ ಬಾ ಸ್ವಲ್ಪ."

ಮೊಲ ಬುಟ್ಟಿಯ ಕೆಳಗಿನಿಂದ ನುಸುಳಿ ಕಟ್ಟೆ ಹತ್ತಿತ್ತು. ಒಗ್ಗರಣೆ ಮುಗಿದಿತ್ತು. ಒಂದು ಮಿರ್ಚಿಯ ಹಿಟ್ಟನ್ನು ಸುತ್ತಲೂ ಮೆದ್ದು, ಒಳಗಿನ ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ಅಚ್ಚುಕಟ್ಟಾಗಿ ಬಿಟ್ಟಿತ್ತು.

"ಮೆಣಸಿನಕಾಯಿ ಬಿಟ್ಟಾನ," ಎಂದರು ಗ್ಯಾನಪ್ಪ.

"ಯಾರು?" ಎಂದೆ.

"ಯಾರಂತ ಕೇಳ್ತಿಯಲ್ಲವ್ವಾ ರೇಣುಕಾ. ಮಿರ್ಚಿ ಮ್ಯಾಗಿನ ಹಿಟ್ಟು ತಿಂದು ಒಳಗಿನ ಕಾಯಿ ಬಿಡೋರು ಈ ಓಣ್ಯಾಗ ಎಷ್ಟು ಮಂದಿ ಅದಾರ?"

ಒಬ್ಬನೇ ಇದ್ದ. ಅದು ನಿಜ. ಮದುವೆಯಾದ ಏಳು ವರ್ಷವೂ ಅವನ ತಟ್ಟೆಯ ಅಂಚಿನಲ್ಲಿ ಅಂಥ ಮೆಣಸಿನಕಾಯಿ ನೋಡಿದ್ದೇನೆ.

ಅತ್ತೆ ಕಟ್ಟೆಯ ಪಕ್ಕ ಕುಳಿತು ಮೊಲವನ್ನು ನೋಡಿದರು. ಮೊಲ ಮೂಗು ಅಲ್ಲಾಡಿಸಿತು. "ಅವಸರ ಮಾಡಬ್ಯಾಡೋ ಯಪ್ಪಾ, ಇನ್ನೊಂದು ಐತಿ," ಎಂದು ಎರಡನೇ ಮಿರ್ಚಿಯನ್ನು ಮುಂದೆ ದೂಡಿದರು. ಅವತ್ತು ಮಧ್ಯಾಹ್ನ ಅವರು ಅರ್ಧ ರೊಟ್ಟಿ ತಿಂದರು, ನಾಲ್ಕು ದಿನದಲ್ಲಿ ಮೊದಲ ಸಲ. ಅದನ್ನು ನೋಡಿ, ಎಂ.ಎ. ಓದಿದ ನಾನು, ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಿಕೊಂಡದ್ದು ತಪ್ಪಾಯಿತು. ಗ್ಯಾನಪ್ಪ ತೆರೆದರು. ಸಂಜೆಯೊಳಗೆ ಸುದ್ದಿ ಬಸ್‌ಸ್ಟ್ಯಾಂಡ್ ಮುಟ್ಟಿತು. ಮರುದಿನ ಹೋಟೆಲಿನ ಪಂಪಾಪತಿ ಥರ್ಮಾಸ್ ಹಿಡಿದು ಬಂದರು.

"ಸಕ್ಕರಿ ಜಾಸ್ತಿ ಹಾಕೀನ್ರಿ ಅಮ್ಮಾರ. ಸಿದ್ದಣ್ಣಗ ಹಂಗ ಬೇಕು," ಎಂದು ಬಸಿಗೆ ಸುರಿದು ಬುಟ್ಟಿಯ ಮುಂದೆ ಇಟ್ಟರು. ಮೊಲ ನೆಕ್ಕಿತು. ಪಂಪಾಪತಿ ಟೋಪಿ ತೆಗೆದರು. "ಅದೇ ಸೊರ್ ಸೊರ್ ಸಪ್ಪಳ," ಎಂದರು. ನನಗೆ ಯಾವ ಸಪ್ಪಳವೂ ಕೇಳಿಸಲಿಲ್ಲ.

ಆಮೇಲೆ ತಡೆಯುವವರಿರಲಿಲ್ಲ. ಒಬ್ಬರು ಹೋಳಿಗೆ ತಂದರು. ಒಬ್ಬರು ಗ್ಲೂಕೋಸ್ ಬಿಸ್ಕಿಟ್ ತಂದು, ಅವನಿಗೆ ಇಷ್ಟ ಎಂದು ಚಹಾದಲ್ಲಿ ಅದ್ದಿ ಕೊಟ್ಟರು. ಸಾಯುವ ಮೊದಲು ಅವನೊಡನೆ ಜಗಳಾಡಿದ್ದ ಒಬ್ಬರು ಅರ್ಧ ಕೇಜಿ ಜಿಲೇಬಿ ತಂದು, ಎಲ್ಲರೂ ಆಚೆ ಹೋಗಿ ಎಂದು ಹೇಳಿ, ಹತ್ತು ನಿಮಿಷ ಮೊಲದೊಡನೆ ಒಬ್ಬರೇ ಮಾತಾಡಿದರು. ಹೊರಗೆ ಬಂದಾಗ ಅವರ ಮುಖ ಹಗುರವಾಗಿತ್ತು. ಮೊಲದ ಹೊಟ್ಟೆ ಭಾರವಾಗಿತ್ತು.

ಏಳನೇ ದಿನ ಗೊರೇಬಾಳದ ಚಾಂದ್‌ಪಾಷಾ ಬಂದ. ನಾಟಿಯ ಕಾಲ, ಅವನ ಐದು ಎಚ್‌ಪಿ ಮೋಟರ್ ನಮ್ಮ ಅಂಗಡಿಯಲ್ಲಿ ಬಿದ್ದಿತ್ತು. ಬುಟ್ಟಿಯ ಮುಂದೆ ಮಂಡಿಯೂರಿದ.

"ಸಲಾಂ ಸಿದ್ದಣ್ಣ. ಇಂಥಾ ಹೊತ್ನಾಗ ಕೇಳಬಾರದು, ಏನೂ ಅನಕೋಬ್ಯಾಡ. ಅಂಗಡಿ ಕೀಲಿ ಎಲ್ಲಿ ಇಟ್ಟಿ?"

ಅವನ ಗಡಸು ದನಿಗೆ ಬೆದರಿದ ಮೊಲ ಬುಟ್ಟಿಯಿಂದ ನುಸುಳಿ ಓಡಿ ಮೂಲೆಯಲ್ಲಿದ್ದ ಸಾಮಾನಿನ ಚೀಲದ ಹಿಂದೆ ಅಡಗಿತು. ಗ್ಯಾನಪ್ಪ ಚೀಲ ಎತ್ತಿ ಜಾಡಿಸಿದರು. ಕೀಲಿ ಬಿತ್ತು.

ಚಾಂದ್‌ಪಾಷಾ ಎರಡೂ ಕೈ ಎತ್ತಿದ. ಗ್ಯಾನಪ್ಪ ನನ್ನ ಕಡೆ ನೋಡಿದರು, ಈಗೇನಂತಿ ಎನ್ನುವ ಹಾಗೆ. ಕೀಲಿಯನ್ನು ಸಿದ್ದರಾಮೇಶ ಯಾವಾಗಲೂ ಆ ಚೀಲದಲ್ಲೇ ಇಡುತ್ತಿದ್ದ. ಯಾರೂ ನನ್ನನ್ನು ಕೇಳಿರಲಿಲ್ಲ.

ಈ ಎಲ್ಲ ಗದ್ದಲದ ನಡುವೆ ಜಮೀಲಾಬೀ ದಿನಕ್ಕೊಮ್ಮೆ ಬರುತ್ತಿದ್ದರು. ಅತ್ತೆಯ ಪಕ್ಕ ಕುಳಿತು, ಕೈ ಹಿಡಿದು, ಕಣ್ಣೊರೆಸಿಕೊಂಡು, ಏಳುವಾಗ ಬುಟ್ಟಿಯ ಕಡೆ ಒಮ್ಮೆ ನೋಡುತ್ತಿದ್ದರು.

"ನಮ್ಮ ಕೋಳಿ ಈಗ ಮನಿಯವರ ಗಾಡಿ ಸೀಟಿನ ಮ್ಯಾಲೆ ಮಲಗ್ತಾವ," ಎಂದರು ಒಂದು ದಿನ. "ಇರಲಿ. ಅವಕ್ಕೂ ಹವಾ ಬೇಕಲ್ಲ."

ಸಾವಿನ ಮನೆಯಿಂದ ವಸ್ತು ವಾಪಸು ಕೇಳುವವರಲ್ಲ ಅವರು. ಗಂಡ ಹುಸೇನ್‌ಸಾಬ್ ದಿನಾ ಬೆಳಿಗ್ಗೆ ಗಾಡಿಯ ಸೀಟು ತೊಳೆಯುತ್ತಿದ್ದರು, ನಮ್ಮ ಗೋಡೆಗೆ ಬೆನ್ನು ಮಾಡಿ, ಮಾತಿಲ್ಲದೆ. ಬುಟ್ಟಿ ಕೊಟ್ಟುಬಿಡೋಣ ಎಂದು ನಾನು ಎರಡು ಸಲ ಎತ್ತಿದೆ. ಎರಡು ಸಲವೂ ಅತ್ತೆ, "ಅವನ ತಲಿ ಮ್ಯಾಗಿನ ಸೂರು ತೆಗಿತಿಯೇನವ್ವಾ?" ಎಂದರು. ಕೆಳಗಿಟ್ಟೆ.

ಒಂಬತ್ತನೇ ದಿನ ಬೆಳಿಗ್ಗೆ ಮೊಲ ಏಳಲಿಲ್ಲ. ಹೊಟ್ಟೆ ಊದಿಕೊಂಡು ತಮಟೆಯಾಗಿತ್ತು. ಬಾಲದ ಬುಡದಲ್ಲೆಲ್ಲ ಒದ್ದೆ. ಮುಂದಿಟ್ಟ ಮಿರ್ಚಿಯನ್ನು ಮೂಸಿಯೂ ನೋಡಲಿಲ್ಲ. ಅತ್ತೆ ಅದನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತರು.

ಪಶು ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರು ಎಮ್ಮೆಗಳಿಗೆ ಲಸಿಕೆ ಹಾಕಲು ಹಳ್ಳಿಗೆ ಹೋಗಿದ್ದರು. "ಮೊಲ ನನಗ ಅಷ್ಟು ತಿಳಿಯಲ್ಲಮ್ಮ. ಲಿಂಗಸುಗೂರಾಗ ಮಹೇಶ್ವರಿ ಮೇಡಂ ಅದಾರ, ತಡ ಮಾಡಬ್ಯಾಡ್ರಿ," ಎಂದರು ಫೋನ್ ಎತ್ತಿದ ಕಂಪೌಂಡರು.

ನಾನು ಚಪ್ಪಲಿ ಹಾಕಿಕೊಂಡೆ. ಗ್ಯಾನಪ್ಪ ಬಾಗಿಲಿಗೆ ಅಡ್ಡ ನಿಂತರು.

"ಹನ್ನೊಂದನೇ ದಿನ ಆಗೂ ತನಕ ನೀ ಹೊಸ್ತಿಲ ದಾಟಬಾರದವ್ವಾ. ಮಂದಿ ಏನಂತಾರ? ನಾ ಒಬ್ಬನ ಹೋಗ್ತೀನಿ. ಇಲ್ಲಾಂದ್ರ ಸಂಜಿತನ ನೋಡೂಣು, ತಾನ ಇಳೀತದ."

ಅತ್ತೆ ತಲೆ ಎತ್ತದೆ ಹೇಳಿದರು. "ಅವತ್ತೂ ಅವನ ಎದಿನೋವು ತಾನ ಇಳೀತದ ಅಂತ ಕುಂತ್ವಿ. ಇವತ್ತು ಕುಂದ್ರೂದು ಬ್ಯಾಡ. ಬಾಜೂಕ ಸರಿ ಗ್ಯಾನೂ, ಆಕಿ ಹೋಗಲಿ. ನೀನೂ ಹೋಗು."

ಗ್ಯಾನಪ್ಪ ಸರಿದರು. ಬುಟ್ಟಿಯ ತಳಕ್ಕೆ ಹಳೆಯ ಟವೆಲ್ ಕಟ್ಟಿ ಮೊಲವನ್ನು ಒಳಗಿಟ್ಟು ಆಟೋ ಹತ್ತಿದೆವು. ಜಮೀಲಾಬೀ ತಮ್ಮ ಅಂಗಳದಲ್ಲಿ ನಿಂತು, ತಮ್ಮ ಬುಟ್ಟಿ ಊರು ಬಿಟ್ಟು ಹೋಗುವುದನ್ನು ನೋಡಿದರು.

ಬಸ್ಸಿನಲ್ಲಿ ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ಬಂದು ನಿಂತ.

"ಬುಟ್ಟ್ಯಾಗ ಏನ್ರಿ?"

"ಮೊಲ," ಎಂದೆ.

"ನಮ್ಮ ಅಳಿಯ," ಎಂದರು ಗ್ಯಾನಪ್ಪ, ಅದೇ ಹೊತ್ತಿಗೆ.

ಕಂಡಕ್ಟರ್ ಇಬ್ಬರನ್ನೂ ನೋಡಿದ. ಹೆಂಗಸರಿಗೆ ಟಿಕೀಟು ಇಲ್ಲದ ಕಾಲ ಇದು. ನನ್ನ ಆಧಾರ್ ನೋಡಿ ಸೊನ್ನೆಯ ಟಿಕೀಟು ಕೊಟ್ಟ. ಗ್ಯಾನಪ್ಪಗೊಂದು ಹರಿದ. ಮೊಲದ ಮುಂದೆ ತಡೆದು ನಿಂತ.

"ಗಂಡೋ, ಹೆಣ್ಣೋ?"

"ಗಂಡು," ಎಂದರು ಗ್ಯಾನಪ್ಪ. "ಮೂವತ್ತಾರು ವರ್ಷ."

"ಮೂವತ್ತಾರಕ್ಕ ಹಾಫ್ ಟಿಕೀಟ ಬರೂದಿಲ್ರಿ," ಎಂದು ಕಂಡಕ್ಟರ್ ಫುಲ್ ಟಿಕೀಟು ಹರಿದು ಕೊಟ್ಟ.

ಹಿಂದಿನ ಸೀಟಿನ ಅಜ್ಜಿ ಕೇಳಿದಳು. "ಹೆಣ್ಣಿದ್ದಿದ್ರ ಫ್ರೀ ಬಿಡ್ತಿದ್ದೇನೋ ತಮ್ಮಾ?"

"ಆಧಾರ್ ಇದ್ರ ಬಿಡ್ತಿದ್ದೆ ಆಯಿ."

ಫುಲ್ ಟಿಕೀಟು ಕೈಗೆ ಬಂದ ಮೇಲೆ ಗ್ಯಾನಪ್ಪ ಹಕ್ಕು ಬಿಡುವವರಲ್ಲ. ಕಿಟಕಿ ಪಕ್ಕದವರನ್ನು ಎಬ್ಬಿಸಿ ಅಲ್ಲಿ ಬುಟ್ಟಿ ಇಟ್ಟರು. ಎದ್ದವರು ಮಸ್ಕಿಯವರೆಗೆ ನಿಂತೇ ಬಂದರು. ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಗ್ಯಾನಪ್ಪ ಇಳಿದು ಹೋಗಿ ಬಿಸಿ ಒಗ್ಗರಣೆಯ ಪೊಟ್ಟಣದೊಂದಿಗೆ ಬಂದರು.

"ಮಸ್ಕಿಗೆ ಬಂದ್ರ ಇಲ್ಲೇ ತಿಂತಿದ್ದ," ಎಂದರು.

"ಮಾವಾರ, ಅದು ಸಾಯಾಕತ್ತೈತಿ."

ಆ ಮಾತನ್ನು ನಾನು ಜೋರಾಗಿ ಹೇಳಿದೆ ಅನಿಸುತ್ತದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಗ್ಯಾನಪ್ಪ ಪೊಟ್ಟಣ ಮಡಚಿ ಜೇಬಿಗಿಟ್ಟುಕೊಂಡರು. ಲಿಂಗಸುಗೂರು ಬರುವವರೆಗೆ ಬುಟ್ಟಿಯ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದರು. ಅವರ ಜೇಬಿನಿಂದ ಎಣ್ಣೆ ಒಸರುತ್ತಿತ್ತು.

ಡಾಕ್ಟರ್ ಮಹೇಶ್ವರಿ ಮೊಲದ ಹೊಟ್ಟೆ ಒತ್ತಿ ನೋಡಿದರು. ಹಲ್ಲು ನೋಡಿದರು.

"ಮೂರು ತಿಂಗಳ ಮರಿ. ಏನು ತಿನ್ನಿಸ್ತೀರಿ?"

ಗ್ಯಾನಪ್ಪ ಬೆರಳು ಮಡಚುತ್ತ ಹೇಳಿದರು. ಒಗ್ಗರಣಿ. ಮಿರ್ಚಿ. ಹೋಳಿಗೆ. ಜಿಲೇಬಿ. ಬಿಸ್ಕಿಟ್. ಪಂಪಾಪತಿ ಹೋಟೆಲಿನ ಚಹಾ. "ಮೆಣಸಿನಕಾಯಿ ಮಾತ್ರ ಮುಟ್ಟೂದಿಲ್ರಿ."

"ಇದನ್ನೆಲ್ಲ ಮೊಲಕ್ಕೆ ಹಾಕಿದ್ರಾ?"

"ಮೊಲಕ್ಕಲ್ರಿ ಮೇಡಂ. ನಮ್ಮ ಅಳಿಯಗ."

"ಅಳಿಯ ಎಲ್ಲಿದಾರೆ?"

"ನಿಮ್ಮ ಕೈಯಾಗ ಅದಾನಲ್ರಿ."

ಡಾಕ್ಟರು ನನ್ನ ಕಡೆ ನೋಡಿದರು. ನನ್ನ ಬರಿಯ ಹಣೆ, ಬಳೆಯಿಲ್ಲದ ಕೈ ನೋಡಿದರು. ಮೊಲವನ್ನು ನಿಧಾನವಾಗಿ ಅಂಗಾತ ಮಾಡಿ, ಕಾಲು ಸರಿಸಿ ನೋಡಿ, ಮತ್ತೆ ನೆಟ್ಟಗೆ ಕೂರಿಸಿದರು.

"ಯಜಮಾನರೇ, ಇದು ಹೆಣ್ಣು."

ಗ್ಯಾನಪ್ಪ ಜೇಬಿನಿಂದ ಫುಲ್ ಟಿಕೀಟು ತೆಗೆದು ನೋಡಿ ಮತ್ತೆ ಜೇಬಿಗಿಟ್ಟರು. "ಪೂರಾ ನೋಡಿದ್ರೇನ್ರಿ?" ಎಂದು ಕೇಳಿದರು. ಪೂರಾ ನೋಡಿದ್ದೇನೆ ಎಂದರು ಡಾಕ್ಟರು.

ಆಮೇಲೆ ಚೀಟಿ ಬರೆಯುತ್ತ ಹೇಳಿದರು. ಕರಿದದ್ದು, ಸಿಹಿ, ಚಹಾ ಇವತ್ತೇ ಬಂದ್. ಹೊಟ್ಟೆ ಇಳಿದ ಮೇಲೆ ಮಂಡಕ್ಕಿಯನ್ನು, ಎಣ್ಣೆ ಉಪ್ಪು ಏನೂ ಹಾಕದ್ದು, ಚೂರು ಚೂರು ಕೊಟ್ಟು ದಿನ ದಿನ ಇಳಿಸುತ್ತ ಹನ್ನೆರಡು ದಿನದಲ್ಲಿ ನಿಲ್ಲಿಸಬೇಕು. ಒಣಹುಲ್ಲು ಯಾವಾಗಲೂ ಮುಂದೆ ಇರಬೇಕು. ಎಳೆಯ ಮರಿಯಾದ್ದರಿಂದ ಒಣಗಿಸಿದ ಕುದುರೆ ಮೆಂತ್ಯವೆಂಬ ಮೇವೂ ಆಗಬಹುದು. ಹಸಿ ಸೊಪ್ಪು ಆಮೇಲೆ, ಒಂದೊಂದೇ ಎಲೆ. ಗಜ್ಜರಿ ಹಬ್ಬಕ್ಕೆ ಮಾತ್ರ.

"ಒಮ್ಮೆಲೇ ಎಲ್ಲ ಬದಲಾಯಿಸಿದರೆ ಕರುಳು ನಿಂತುಬಿಡುತ್ತೆ. ನಿಧಾನ ಮಾಡಬೇಕು."

ಇಷ್ಟು ಹೊತ್ತು ಗೋಡೆ ನೋಡುತ್ತಿದ್ದ ಗ್ಯಾನಪ್ಪ ತಿರುಗಿದರು. ಮುಖದಲ್ಲಿ ಬೆಳಕು ಬಂದಿತ್ತು.

"ಅಂದ್ರ ಇದು ಕಾಲುವಿ ಇದ್ದಂಗ್ರಿ. ಬ್ಯಾಸಗಿ ಮುಗದ ಕೂಡ್ಲೇ ಗೇಟು ಪೂರಾ ಎತ್ತಿದ್ರ ಏರಿ ಒಡೀತದ. ಮೊದಲ ದಿನ ನಾಲ್ಕು ಬೆರಳು, ಮರುದಿನ ಆರು ಬೆರಳು. ಹಳೇ ನೀರಿನ ಗೇಟು ಇಳಿಸ್ಕೋತ ಹೊಸ ನೀರಿನ ಗೇಟು ಎತ್ತಬೇಕು."

"ಅದೇ," ಎಂದರು ಡಾಕ್ಟರು, ಪೆನ್ನು ಕೆಳಗಿಟ್ಟು. "ನಾನು ಇಷ್ಟು ಚೆನ್ನಾಗಿ ಯಾರಿಗೂ ಹೇಳಿಲ್ಲ."

ಮೂವತ್ತು ವರ್ಷದಲ್ಲಿ ಮೊದಲ ಸಲ ಗ್ಯಾನಪ್ಪನ ಸಿದ್ಧಾಂತ ಸರಿಯಾದ ಜಾಗದಲ್ಲಿ ಕೂತಿತ್ತು. ಹೊಟ್ಟೆ ಇಳಿಯಲು ಡಾಕ್ಟರು ಔಷಧಿ ಹಾಕಿ, ಇನ್ನೊಂದು ಮಾತು ಹೇಳಿ ಕಳಿಸಿದರು. ಎರಡು ದಿನದೊಳಗೆ ಹಿಕ್ಕೆ ಹಾಕಬೇಕು. ದುಂಡಗೆ, ಒಣಗಿದ ಕಡಲೆಕಾಳಿನ ಹಾಗೆ. ಹಾಕಿದರೆ ಬದುಕಿತು. ಗದ್ದೆಯ ಬದುವಿನ ಹುಲ್ಲು ಮಾತ್ರ ತರಬೇಡಿ, ಅದಕ್ಕೆ ಔಷಧಿ ಹೊಡೆದಿರುತ್ತಾರೆ.

ಮನೆಗೆ ಬಂದು ಚೀಟಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಡುಗೆಮನೆಯ ಮೊಳೆಗೆ ಸಿಕ್ಕಿಸಿದೆ, ಅಲ್ಲಿದ್ದ ಚೀಟಿಯ ಮೇಲೆ. ಅತ್ತೆ ಹಿಂದೆ ಬಂದು ನಿಂತಿದ್ದರು. ಅವರಿಗೆ ಓದು ಬರುವುದಿಲ್ಲ.

"ಇದೂ ಅಂಥಾದ್ದೇ ಏನು?"

"ಹೂಂ ಅತ್ತಿ. ಅಂಥಾದ್ದೇ."

"ಎಣ್ಣಿ ಬ್ಯಾಡ ಅಂತ ಬರದಾರೇನು?"

"ಬರದಾರ."

ಎರಡೂ ಚೀಟಿಗಳ ಅಂಚನ್ನು ಅವರು ಬೆರಳಿನಿಂದ ನೇರ ಮಾಡಿದರು. "ಇದನ್ನ ಕೇಳೂಣು," ಎಂದರು.

ಹೆಣ್ಣು ಎಂಬ ವಿಷಯವನ್ನು ಗ್ಯಾನಪ್ಪ ಬಾಗಿಲ ಹಿಂದೆ ನಿಂತು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಹೇಳಿದರು. ಅತ್ತೆ ಮೊಲವನ್ನೊಮ್ಮೆ ನೋಡಿದರು. "ಹೆಣ್ಣ ಇರಲಿ. ಅವ ತಂದದ್ದು ಹೌದಲ್ಲೋ," ಎಂದರು. ಆಮೇಲೆ ಮೊಲ ಯಾರು ಎಂಬ ಚರ್ಚೆ ಮನೆಯಲ್ಲಿ ನಡೆಯಲಿಲ್ಲ. ಓಣಿಯಲ್ಲಿ ನಡೆಯಿತು, ಪಂಪಾಪತಿ ಒಪ್ಪಲೇ ಇಲ್ಲ.

ಹುಲ್ಲಿನದು ಸಮಸ್ಯೆಯಾಯಿತು. ಸಿಂಧನೂರಿನ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಹಸಿರು, ಆ ಹಸಿರಿಗೆಲ್ಲ ಔಷಧಿ. ಕಾಲುವೆಯ ಪ್ರತಿ ಬದುವೂ ಗೊತ್ತಿದ್ದ ಗ್ಯಾನಪ್ಪ ಒಂದೊಂದನ್ನೇ ನೆನೆದು ತಲೆ ಅಲ್ಲಾಡಿಸಿದರು. ಕೊನೆಗೆ ಅತ್ತೆಯೇ ಎದ್ದು ಕುಡುಗೋಲು ತೆಗೆದುಕೊಂಡರು.

"ಅಲ್ಲಿ ಯಾರೂ ಔಷಧಿ ಹೊಡಿಯೂದಿಲ್ಲ," ಎಂದರು.

ಹೋಗಿ ಬಂದಾಗ ಅವರ ಕಂಕುಳಲ್ಲಿ ಗರಿಕೆಯ ಹೊರೆ. ಮಗನನ್ನು ಮಣ್ಣು ಮಾಡಿದ ಜಾಗದ ಬೇಲಿಯ ಉದ್ದಕ್ಕೂ ಬೆಳೆದದ್ದು, ಬಿಸಿಲಿಗೆ ಅರ್ಧ ಒಣಗಿದ್ದು. ಒಂದು ಹಿಡಿ ಮೊಲದ ಮುಂದಿಟ್ಟು ಉಳಿದದ್ದನ್ನು ಮಾಳಿಗೆಯ ಮೇಲೆ ಹರಡಿದೆವು. ಗೋಡೆಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ಹುಸೇನ್‌ಸಾಬ್ ಒಂಬತ್ತು ದಿನದ ಮೌನ ಮುರಿದರು.

"ಸಾಲದಿದ್ರ ಹೇಳ್ರಿ. ನಮ್ಮ ಖಬರಸ್ತಾನದಾಗೂ ಯಾರೂ ಹೊಡಿಯಲ್ಲ."

ಆದರೆ ಮೊಲ ತಿನ್ನಲಿಲ್ಲ. ಹುಲ್ಲಿಗೆ ಬೆನ್ನು ಮಾಡಿ ಗೋಡೆ ನೋಡುತ್ತ ಕುಳಿತಿತು. ಹತ್ತನೇ ದಿನ ಮಧ್ಯಾಹ್ನವಾದರೂ ಅಷ್ಟೆ. ಹಿಕ್ಕೆ ಇಲ್ಲ. ಹಿತ್ತಲಿಗೆ ಹೋದಾಗ ಅತ್ತೆ ನನಗೆ ಬೆನ್ನು ಮಾಡಿ ಬುಟ್ಟಿಯ ಮುಂದೆ ಕುಳಿತಿದ್ದರು. ಸೆರಗಿನೊಳಗೆ ಕೈ. ಸೆರಗಿನಿಂದ ಮಿರ್ಚಿಯ ವಾಸನೆ ಬರುತ್ತಿತ್ತು.

ನಾನು ಬಾಗಿಲಲ್ಲೇ ನಿಂತೆ. ಮೊದಲೂ ಹೀಗೇ ನಿಲ್ಲುತ್ತಿದ್ದೆ, ನೋಡಿದರೂ ನೋಡದ ಹಾಗೆ. ಈ ಸಲ, "ಅತ್ತಿ," ಎಂದೆ.

ಅವರು ತಿರುಗಲಿಲ್ಲ. ಮಿರ್ಚಿ ಹೊರಗೆ ತೆಗೆದು ಮೊಲದ ಮೂಗಿನ ಹತ್ತಿರ ಒಯ್ದರು. ಮೊಲ ಕಿವಿ ಎತ್ತಿತು. ಅವರ ಕೈ ಅಲ್ಲೇ ನಿಂತಿತು. ಆಮೇಲೆ ಕೈ ಹಿಂದೆ ತಂದು, ಮಿರ್ಚಿಯನ್ನು ತಮ್ಮ ಬಾಯಿಗೇ ಹಾಕಿಕೊಂಡರು. ಹಿಟ್ಟು, ಮೆಣಸಿನಕಾಯಿ, ತೊಟ್ಟು, ಏನೂ ಬಿಡದೆ ಅಗಿದರು. ಕಣ್ಣಲ್ಲಿ ನೀರು ಇಳಿಯಿತು.

"ಖಾರ ಐತಿ," ಎಂದರು.

"ನೀರು ತರಲೇನು?"

"ಇನ್ನೊಂದು ಐತಿ. ನೀ ತಿನ್ನು."

ಇಬ್ಬರೂ ಕಟ್ಟೆಯ ಮೇಲೆ ಕುಳಿತು ಮಿರ್ಚಿ ತಿಂದೆವು. ನಾವು ಮೂಗು ಒರೆಸಿಕೊಳ್ಳುತ್ತಿರುವಾಗ ಬುಟ್ಟಿಯೊಳಗಿನಿಂದ ಸಣ್ಣಗೆ ಕರಕರ ಸದ್ದು ಬಂತು. ಮೊಲ ಒಂದು ಗರಿಕೆಯನ್ನು ತುದಿಯಿಂದ ಹಿಡಿದು ಒಳಗೆ ಎಳೆದುಕೊಳ್ಳುತ್ತಿತ್ತು.

ಹನ್ನೊಂದನೇ ದಿನದ ಕಾರ್ಯಕ್ಕೆ ನೆಂಟರು ಡಬ್ಬಿಗಳನ್ನು ಹಿಡಿದು ಬಂದರು. ಅತ್ತೆ ಬುಟ್ಟಿಯ ಪಕ್ಕ ಕೋಲು ಹಿಡಿದು ಕುಳಿತಿದ್ದರು.

"ಪಥ್ಯ ನಡದೈತಿ. ಹೋಳಿಗಿ ತಂದವರು ಅಡಿಗಿಮನಿಗೆ ಹೋಗ್ರಿ. ಹುಲ್ಲು ತಂದವರು ಇಲ್ಲಿ ಬರ್ರಿ."

ಹುಲ್ಲು ಯಾರು ತಂದಿರುತ್ತಾರೆ? ಎಲ್ಲರೂ ತರಲು ಓಡಿದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಅಂಗಳ ಮೇವಿನ ಸಂತೆಯಾಗಿತ್ತು. ಗ್ಯಾನಪ್ಪ ಕುರ್ಚಿ ಹಾಕಿಕೊಂಡು ಪ್ರತಿ ಹೊರೆಯನ್ನೂ ಮೂಸಿ ನೋಡಿ, ಯಾವ ಬದು, ಯಾವ ಗದ್ದೆ, ಕೊನೆಯ ಸಲ ಯಾವಾಗ ಹೊಡೆದದ್ದು ಎಂದು ಕೇಳಿ, ಸುಳ್ಳು ಹೇಳಿದವರನ್ನು ಹಿಡಿದರು. ಚಾಂದ್‌ಪಾಷಾನ ಹೊರೆ ವಾಪಸಾಯಿತು.

"ಕಾಕಾ, ನಿನ್ನ ಮ್ಯಾಲೆ ಆಣಿ, ಹೊಡೆದಿಲ್ಲ."

"ನಾ ಗೇಟಿನ ಮ್ಯಾಲೆ ಇದ್ದಾವ ಲೇ. ಯಾರ ಹೊಲಕ್ಕ ಯಾವ ಔಷಧಿ ಡಬ್ಬಿ ಹೋಗ್ತದ ಅಂತ ನನಗ ಗೊತ್ತಿಲ್ಲೇನು?"

ಅದೇ ಸಂಜೆ, ಬೆಳಕಿರುವಾಗಲೇ, ಗ್ಯಾನಪ್ಪ ಹಿತ್ತಲಿನಿಂದ ಅಂಗೈ ಮುಂದೆ ಚಾಚಿಕೊಂಡು ನಿಧಾನವಾಗಿ ನಡೆದು ಬಂದರು. ಅಂಗೈಯ ನಡುವೆ ಒಂದು ಹಿಕ್ಕೆ. ದುಂಡಗೆ, ಒಣಗಿ, ಕಡಲೆಕಾಳಿನ ಹಾಗೆ. ನೆಂಟರೆಲ್ಲ ಎದ್ದು ನಿಂತರು. ಅದು ಒಬ್ಬೊಬ್ಬರ ಮುಂದೆಯೂ ಹೋಯಿತು; ಎಲ್ಲರೂ ಬಾಗಿ ನೋಡಿದರು. ಪಂಪಾಪತಿ ಮತ್ತೆ ಟೋಪಿ ತೆಗೆದರು. ಅತ್ತೆ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಒತ್ತಿ ನೋಡಿ, "ಗಟ್ಟಿ ಐತಿ," ಎಂದರು. ಆಮೇಲೆ ಎಲ್ಲರನ್ನೂ ಊಟಕ್ಕೆ ಕೂರಿಸಿ, ತಾವೂ ಸಾಲಿನಲ್ಲಿ ಕುಳಿತರು.

ಉಳಿದದ್ದು ಗ್ಯಾನಪ್ಪನ ಆಡಳಿತ. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಎರಡು ಗೇಟು ಬರೆದು, ಮಂಡಕ್ಕಿಯದನ್ನು ದಿನಾ ಒಂದು ಬೆರಳು ಇಳಿಸಿ, ಹುಲ್ಲಿನದನ್ನು ಒಂದು ಬೆರಳು ಎತ್ತಿದರು. ತುರ್ವಿಹಾಳಕ್ಕೆ ಹೋಗಬೇಕಾದವರು, ಗೇಟು ನಡುವೆ ಬಿಟ್ಟು ಹೋಗಲಾಗದು ಎಂದು ಉಳಿದರು. ಪಥ್ಯದ ಹನ್ನೆರಡನೇ ದಿನ ಮಂಡಕ್ಕಿಯ ಗೇಟು ಪೂರಾ ಬಿತ್ತು. ಮೊಲ ಗಮನಿಸಲಿಲ್ಲ. ಅದು ಮೆಂತ್ಯದ ಮೊದಲ ಎಲೆಯ ಮೇಲಿತ್ತು.

ಆ ಹೊತ್ತಿಗೆ ನಾನು ದಿನಕ್ಕೆ ಎರಡು ಗಂಟೆ ಅಂಗಡಿ ತೆರೆಯಲು ಶುರು ಮಾಡಿದ್ದೆ, ಬಿದ್ದಿದ್ದ ಮೋಟರ್‌ಗಳನ್ನು ಅವರವರಿಗೆ ಮುಟ್ಟಿಸಲು. ಮೂಲೆಯಲ್ಲಿ ಒಂದು ಹಳೆಯ ಮರದ ಪೆಟ್ಟಿಗೆ, ಅದಕ್ಕೆ ಅರ್ಧ ಹೊಡೆದ ಜಾಲರಿ ಸಿಕ್ಕಿತು. ಪಂಜರ. ಅವನು ಶುರು ಮಾಡಿಟ್ಟಿದ್ದ. ಉಳಿದರ್ಧವನ್ನು ಗ್ಯಾನಪ್ಪ ಹೊಡೆದರು, ಹೆಬ್ಬೆರಳಿಗೆ ಮೂರು ಸಲ ಹೊಡೆದುಕೊಂಡು.

ಮರುದಿನ ಬೆಳಿಗ್ಗೆ ಬುಟ್ಟಿ ತೊಳೆದು ಒಣಗಿಸಿದೆ. ಹೊರಟಾಗ ಅತ್ತೆ ತಡೆದರು.

"ಖಾಲಿ ಕೊಡ್ತಾರೇನವ್ವಾ? ಏನರ ಹಾಕು."

ಮನೆಯಲ್ಲಿ ಕೊಡುವಂಥದ್ದು ಏನಿತ್ತೆಂದು ಇಬ್ಬರೂ ಯೋಚಿಸಿದೆವು. ನಂತರ ಅತ್ತೆ ಮೊರ ತಂದರು. ಹನ್ನೆರಡು ದಿನದ ಹಿಕ್ಕೆಯನ್ನು ಅವರು ಎಸೆದಿರಲಿಲ್ಲ. ಕಾಗದದಲ್ಲಿ ಕಟ್ಟಿ ಬುಟ್ಟಿಯೊಳಗಿಟ್ಟರು.

ಜಮೀಲಾಬೀ ಅಂಗಳದಲ್ಲಿ ಪುದೀನದ ಪಾತಿಗೆ ನೀರು ಹಾಕುತ್ತಿದ್ದರು. ಬುಟ್ಟಿ ತೆಗೆದುಕೊಂಡು, ಪೊಟ್ಟಣ ಬಿಚ್ಚಿ ನೋಡಿ, "ಇದೇನು ಬೇಟಿ, ಕಡ್ಲಿ ತಂದಿ?" ಎಂದರು.

"ಅಲ್ಲ ಚಾಚಿ. ಪುದೀನಕ್ಕ ಗೊಬ್ಬರ. ಅತ್ತಿ ಕೊಟ್ಟಾರ."

ಅವರು ಮೂಸಿ ನೋಡಿ ನಕ್ಕರು. ನನಗೂ ನಗು ಬಂತು, ಬಂದದ್ದು ತಿಳಿಯುವ ಮೊದಲೇ. ಹುಸೇನ್‌ಸಾಬ್‌ರ ಗಾಡಿಯ ಸೀಟಿನಿಂದ ಕೋಳಿಯೊಂದು ಕತ್ತು ಎತ್ತಿ ಬುಟ್ಟಿಯನ್ನು ನೋಡಿ, ಗುರುತು ಹತ್ತದವರ ಹಾಗೆ ಮುಖ ತಿರುಗಿಸಿತು.

"ಎರಡು ದಿನಕ್ಕಂತ ಒಯ್ದಿದ್ದ ಸಿದ್ದು," ಎಂದರು ಜಮೀಲಾಬೀ, ಬುಟ್ಟಿಯ ಅಂಚು ಸವರುತ್ತ.

"ಆತು ಚಾಚಿ," ಎಂದೆ. "ಎರಡು ದಿನ ಇವತ್ತಿಗೆ ಮುಗೀತು."